ಪದವಿ ಕೈಯಲ್ಲಿದೆ, ವಾರ್ಡ್ ಸಿಗುತ್ತಿಲ್ಲ: ರಾಯಚೂರು ಭಾಗದ ಹುಡುಗಿಯರಿಗೆ ಆರ್‌ಡಿ ದೂರವಾಗಿರುವುದು ಯಾಕೆ?

ಡಯಟೀಷಿಯನ್ ಆಗಬೇಕು ಅಂತ ರಾಯಚೂರು ಕಡೆಯ ಹುಡುಗಿ ಮನೆಯಲ್ಲಿ ಮಾತು ತೆಗೆದರೆ ಮೊದಲು ಬರುವುದು ಎರಡು ಪ್ರಶ್ನೆ. ಯಾವ ಕಾಲೇಜು? ಫೀಸು ಎಷ್ಟು? ಸ್ವಲ್ಪ ತಿಳಿದವರು ಇದ್ದರೆ ಇನ್ನೊಂದು ಕೇಳುತ್ತಾರೆ, ಪರೀಕ್ಷೆ ಕಷ್ಟವಾ ಅಂತ. ಕಾಲೇಜಿಗೂ ಪರೀಕ್ಷೆಗೂ ನಡುವೆ ಆಸ್ಪತ್ರೆಯಲ್ಲಿ ಕಳೆಯಬೇಕಾದ ಆರು ತಿಂಗಳ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ನಮ್ಮ ಭಾಗದ ಹುಡುಗಿಯರು ನಿಂತುಹೋಗುವುದು ಹೆಚ್ಚಾಗಿ ಅಲ್ಲಿಯೇ. ಓದಿನಲ್ಲಿ ಹಿಂದೆ ಬಿದ್ದು ನಿಲ್ಲುವುದಿಲ್ಲ. ತರಬೇತಿ ಕೊಡುವ ವಾರ್ಡ್ ಹತ್ತಿರದಲ್ಲಿ ಸಿಗದೆ ನಿಲ್ಲುತ್ತಾರೆ.

ಮೊದಲು ದಾರಿ ಹೇಗಿದೆ ನೋಡೋಣ. ಭಾರತದಲ್ಲಿ ರಿಜಿಸ್ಟರ್ಡ್ ಡಯಟೀಷಿಯನ್, ಅಂದರೆ ಎಲ್ಲರೂ ಕರೆಯುವ ಆರ್‌ಡಿ, ಅನ್ನುವ ಅರ್ಹತೆ ಕೊಡುವುದು ಇಂಡಿಯನ್ ಡಯೆಟೆಟಿಕ್ ಅಸೋಸಿಯೇಷನ್. 1963ರಲ್ಲಿ ಶುರುವಾದ ಸಂಘ ಇದು. ಸಾಮಾನ್ಯವಾಗಿ ಆಹಾರ ಮತ್ತು ಪೋಷಣೆ ಅಥವಾ ಡಯೆಟೆಟಿಕ್ಸ್‌ನಲ್ಲಿ ಎಂಎಸ್ಸಿ, ಇಲ್ಲವೇ ಡಯೆಟೆಟಿಕ್ಸ್‌ನಲ್ಲಿ ಪಿಜಿ ಡಿಪ್ಲೊಮಾ ಆಗಿರಬೇಕು. ಅದಾದ ಮೇಲೆ ಹಲವು ವಿಭಾಗಗಳಿರುವ ದೊಡ್ಡ ಆಸ್ಪತ್ರೆಯಲ್ಲಿ, ಅರ್ಹ ಡಯಟೀಷಿಯನ್ ಕೈಕೆಳಗೆ ಆರು ತಿಂಗಳು ಇಂಟರ್ನ್‌ಶಿಪ್. ಆಮೇಲೆ ಪರೀಕ್ಷೆ. ಆಸ್ಪತ್ರೆಯಲ್ಲಿ ಎಷ್ಟೇ ಹಾಸಿಗೆ ಇರಲಿ, ಎಷ್ಟೇ ರೋಗಿಗಳು ಬರಲಿ, ಕಲಿಸಿ ಸಹಿ ಹಾಕುವ ಡಯಟೀಷಿಯನ್ ಇಲ್ಲದಿದ್ದರೆ ಅಲ್ಲಿ ಕಳೆದ ತಿಂಗಳು ಲೆಕ್ಕಕ್ಕೆ ಬರುವುದಿಲ್ಲ.

ಇದು ಸುಮ್ನೆ ಕಾಗದದ ಷರತ್ತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಆ ಆರು ತಿಂಗಳಲ್ಲಿ ಏನು ನಡೆಯುತ್ತದೆ ಅಂತ ಹತ್ತಿರದಿಂದ ನೋಡಿದರೆ ಹಾಗೆ ಅನ್ನಿಸುವುದಿಲ್ಲ.

ಮಸ್ಕಿ ಕಡೆಯ ಒಬ್ಬ ರೈತ, ತೂಕ 55 ಕೆಜಿ, ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆ ಬಂದಿದ್ದಾರೆ ಅಂತ ಇಟ್ಟುಕೊಳ್ಳಿ. ಡಯಾಲಿಸಿಸ್ ಶುರುವಾಗುವ ಮುಂಚೆ ಅವರಿಗೆ ಬೇಳೆ, ಮಾಂಸ ಕಡಿಮೆ ಮಾಡಿ ಅಂತ ಹೇಳಿರುತ್ತಾರೆ. ಆ ಹಂತಕ್ಕೆ ಅದು ಸರಿ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ರಕ್ತ ಶುದ್ಧ ಮಾಡುವಾಗ ಪ್ರೋಟೀನಿನ ಅಂಶವೂ ಹೊರಗೆ ಹೋಗುತ್ತದೆ. ಹಾಗಾಗಿ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಇವರಿಗೆ 55ರಿಂದ 66 ಗ್ರಾಂ ಆಯಿತು. ಯಾರೂ ಬಿಡಿಸಿ ಹೇಳದಿದ್ದರೆ ಅವರು ಹಳೇ ಪಥ್ಯವನ್ನೇ ಮುಂದುವರಿಸುತ್ತಾರೆ. ತಿಳಿಸಾರು, ಅನ್ನ. ಮೈ ಕರಗುತ್ತಾ ಹೋಗುತ್ತದೆ. ಕಾಯಿಲೆ ಜಾಸ್ತಿ ಆಯಿತು ಅಂತ ಮನೆಯವರು ತಿಳಿಯುತ್ತಾರೆ.

ಎಂಎಸ್ಸಿ ಮುಗಿಸಿ ಬಂದ ಹುಡುಗಿಗೆ ಈ 66 ಗ್ರಾಂ ಗೊತ್ತಿರುತ್ತದೆ. ಮೊಟ್ಟೆಯ ಬಿಳಿ ತಿನ್ನಿ ಅಂತ ಚೀಟಿಯಲ್ಲಿ ಬರೆಯುತ್ತಾಳೆ. ರೋಗಿ ಹೇಳುತ್ತಾರೆ: ‘ಸೋಮವಾರ, ಶನಿವಾರ ಮುಟ್ಟಂಗಿಲ್ರೀ ಅಕ್ಕಾರ. ಶ್ರಾವಣದಾಗಂತೂ ತಿಂಗಳ ಪೂರ್ತಿ ಇಲ್ಲ.’ ಈಗ ಏನು ಮಾಡುವುದು? ಪುಸ್ತಕ ಇಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಅನುಭವ ಇರುವ ಡಯಟೀಷಿಯನ್ ಇದ್ದರೆ ಮಾತನ್ನು ಬೇರೆ ಕಡೆಯಿಂದ ಎತ್ತಿಕೊಳ್ಳುತ್ತಾರೆ.

‘ಕಾಕಾ, ಬೆಳಿಗ್ಗೆ ಏನ್ ತಿಂದ್ರಿ?’

‘ವಗ್ಗಾಣಿ ತಿಂದೀನವ್ವ.’

‘ಜತಿಗೆ ಮಿರ್ಚಿ?’

‘ಎರಡ ತಿಂದೀನಿ.’

ಈ ನಾಲ್ಕು ಸಾಲಿನಲ್ಲಿ ಉಪ್ಪಿನ ಲೆಕ್ಕ ಸಿಕ್ಕಿತು. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಡಯಾಲಿಸಿಸ್ ರೋಗಿಗೆ ನೀರು ಕಡಿಮೆ ಕುಡಿಯಿರಿ ಅಂತ ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಬಾಯಾರಿಕೆ ಏಳುವುದು ಉಪ್ಪಿನಿಂದ. ಮಿರ್ಚಿ, ಉಪ್ಪಿನಕಾಯಿ, ಹಪ್ಪಳ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ ಇಳಿಸಿದರೆ ನೀರು ತಾನಾಗಿ ಇಳಿಯುತ್ತದೆ. ಮೊಟ್ಟೆ ತಿನ್ನದ ದಿನ ಕಾಳು ತಿನ್ನಬಹುದು, ಆದರೆ ಅದರಲ್ಲಿ ಪೊಟ್ಯಾಸಿಯಂ ಇದೆ. ನೆನೆಸಿ, ಕುದಿಸಿ, ನೀರು ಬಸಿದು ಮಾಡಬೇಕು. ಆ ನೀರಿನಲ್ಲಿ ಕಟ್ಟಿನ ಸಾರು ಮಾಡಿಬಿಟ್ಟರೆ ಬಸಿದದ್ದು ವ್ಯರ್ಥ. ಸಾರು ಮಾಡುವವರು ಹೆಂಡತಿಯೋ ಸೊಸೆಯೋ ಆಗಿರುತ್ತಾರೆ, ಅವರನ್ನು ಕರೆದು ಹೇಳಬೇಕು. ಬಿಪಿಗೆ ಒಳ್ಳೆಯದು ಅಂತ ಯಾರೋ ಅಂಗಡಿಯಿಂದ ಕಡಿಮೆ ಸೋಡಿಯಂ ಉಪ್ಪು ತಂದುಕೊಟ್ಟಿರುತ್ತಾರೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಈ ರೋಗಿಯ ಹೃದಯಕ್ಕೆ ಅದು ನೇರ ಅಪಾಯ. ಅಡುಗೆಮನೆಯಲ್ಲಿ ಯಾವ ಉಪ್ಪು ಇದೆ ಅಂತ ಕೇಳಬೇಕು ಅನ್ನುವುದೇ ಒಂದು ಪಾಠ. ಈ ಪಾಠ ಕ್ಲಾಸಿನಲ್ಲಿ ಹೇಳಿದರೆ ಮರೆತುಹೋಗುತ್ತದೆ. ವಾರ್ಡಿನಲ್ಲಿ ಒಂದು ಸಲ ನೋಡಿದರೆ ಸಾಕು, ಮರೆಯುವುದಿಲ್ಲ.

ಇನ್ನೊಂದು ಜಾಗ ಎನ್‌ಆರ್‌ಸಿ, ಅಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರ. ಜಿಲ್ಲಾ ಆಸ್ಪತ್ರೆಗಳಲ್ಲಿ ಇರುತ್ತದೆ. ತೀವ್ರ ಅಪೌಷ್ಟಿಕತೆ ಇರುವ ಮಕ್ಕಳನ್ನು ತಾಯಿಯ ಜೊತೆ ಸುಮಾರು 14 ದಿನ ಇಟ್ಟುಕೊಳ್ಳುತ್ತಾರೆ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆಯ ಗುರುತು. ಮಗು ಒಣಗಿದೆ, ಚೆನ್ನಾಗಿ ಉಣ್ಣಿಸಿಬಿಡೋಣ ಅನ್ನಿಸುವುದು ಸಹಜ. ಹಾಗೆ ಮಾಡಿದರೆ ಮಗು ಸಾಯಬಹುದು. ತುಂಬಾ ದಿನ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ತುಂಬಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯ ತಾಳುವುದಿಲ್ಲ. ಅದಕ್ಕೇ ಮೊದಲು ಎಫ್-75 ಅನ್ನುವ ಹಾಲಿನ ಮಿಶ್ರಣ ಕೊಡುತ್ತಾರೆ. 100 ಮಿ.ಲೀ.ಗೆ 75 ಕ್ಯಾಲೊರಿ, ಪ್ರೋಟೀನ್ ಬರೀ 0.9 ಗ್ರಾಂ. ಮೊದಮೊದಲು ಎರಡು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ. ಮಗು ಚೇತರಿಸಿಕೊಂಡ ಮೇಲೆ ಎಫ್-100. ಅದರಲ್ಲಿ 100 ಮಿ.ಲೀ.ಗೆ 100 ಕ್ಯಾಲೊರಿ, 2.9 ಗ್ರಾಂ ಪ್ರೋಟೀನ್. ಯಾವ ದಿನ ಬದಲಿಸಬೇಕು ಅನ್ನುವುದು ಮಗುವಿನ ಹಸಿವು ಮತ್ತು ಬಾವು ನೋಡಿ ತೀರ್ಮಾನ ಆಗಬೇಕು. ಇದನ್ನು ಕಲಿತ ಹುಡುಗಿಗೆ ಮುಂದೆ ಐಸಿಯುನಲ್ಲಿ ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಹೊಟ್ಟೆಗೆ ಇಳಿಸುವ ಆಹಾರದ ನಳಿಕೆ, ಹಾಕಿದ ದೊಡ್ಡವರಿಗೆ ಫೀಡ್ ಶುರು ಮಾಡುವಾಗಲೂ ಅದೇ ಎಚ್ಚರ ಕೈಹಿಡಿಯುತ್ತದೆ.

ಅಲ್ಲಿ ಕಲಿಯುವ ಇನ್ನೊಂದು ವಿಷಯ ಯಾವ ಸಿಲೆಬಸ್‌ನಲ್ಲೂ ಇಲ್ಲ. ಹತ್ತಿ ಬಿಡಿಸುವ ಸಮಯದಲ್ಲಿ 14 ದಿನ ಕೂಲಿ ಬಿಟ್ಟು ಕೂರುವುದು ತಾಯಿಗೆ ಎಷ್ಟು ಕಷ್ಟ, ಮನೆಯಲ್ಲಿ ಇನ್ನೆರಡು ಮಕ್ಕಳಿದ್ದರೆ ಆಕೆಯ ಮನಸ್ಸು ಎಲ್ಲಿರುತ್ತದೆ, ಡಿಸ್ಚಾರ್ಜ್ ಆದ ಮೇಲೆ ಕುಟುಂಬವೇ ಬೆಂಗಳೂರಿಗೆ ಗುಳೆ ಹೋದರೆ ಆ ಮಗುವಿನ ತೂಕ ಮುಂದೆ ಯಾರು ನೋಡುತ್ತಾರೆ. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಆರು ತಿಂಗಳು ಕಳೆದವರಿಗೆ ಟ್ಯೂಬ್ ಫೀಡ್ ಚೆನ್ನಾಗಿ ಬರುತ್ತದೆ. ಆದರೆ ಇಂಥ ತಾಯಿ ಅಲ್ಲಿ ಎದುರಾಗುವುದು ಅಪರೂಪ. ನಮ್ಮ ಭಾಗದ ತರಬೇತಿ ಎರಡನೇ ದರ್ಜೆಯದು ಆಗಬೇಕಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುವುದು ಇದೇ ಕಾರಣಕ್ಕೆ.

ಇಲ್ಲಿ ಅಗತ್ಯ ಎಷ್ಟಿದೆ ಅಂತ ಹೊಸದಾಗಿ ಹೇಳಬೇಕಾಗಿಲ್ಲ. ರಾಯಚೂರಿನ ಮಕ್ಕಳ ಅಪೌಷ್ಟಿಕತೆ ಹೈಕೋರ್ಟ್‌ವರೆಗೆ ಹೋಗಿ, 2012ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ರಾಜ್ಯದ ಸ್ಥಿತಿಯನ್ನೇ ಪರಿಶೀಲಿಸಿತು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 35.4% ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 65.5% ಮಕ್ಕಳಿಗೆ ರಕ್ತಹೀನತೆ. ಶಾಲೆಯಲ್ಲಿ ಮೊಟ್ಟೆ ಕೊಡುವ ಯೋಜನೆ 2021ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದದ್ದು ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಏಳು ಜಿಲ್ಲೆಗಳಲ್ಲಿ. ಕೊರತೆ ಇಲ್ಲಿ ಜಾಸ್ತಿ ಅಂತ ಸರ್ಕಾರಕ್ಕೂ ಗೊತ್ತಿತ್ತು, ಅದಕ್ಕೇ ಇಲ್ಲಿಂದ ಶುರು ಮಾಡಿತು. ಇದರ ಜೊತೆಗೇ ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ. ತುಂಗಭದ್ರಾ ನೀರು ಬಂದ ಮೇಲೆ ಸಿಂಧನೂರು, ಗಂಗಾವತಿ ಕಡೆ ಜೋಳದ ಹೊಲ ಭತ್ತದ ಗದ್ದೆ ಆಯಿತು. ತಟ್ಟೆಯಲ್ಲೂ ಅನ್ನ ಹೆಚ್ಚಾಯಿತು. ಒಂದೇ ಮನೆಯಲ್ಲಿ ಸೊರಗಿದ ಮೊಮ್ಮಗುವೂ ಶುಗರ್ ಇರುವ ಅಜ್ಜಿಯೂ ಇರುವುದು ಈಗ ಅಪರೂಪದ ಮಾತಲ್ಲ.

ಅಗತ್ಯ ಇಷ್ಟಿದ್ದೂ ಹುಡುಗಿಯರು ತರಬೇತಿಗೆ ಊರು ಬಿಡಬೇಕು. ಬೆಂಗಳೂರು, ಹೈದರಾಬಾದ್, ಹುಬ್ಬಳ್ಳಿ, ಬೆಳಗಾವಿ. ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲದಿರುವುದೇ ಸಾಮಾನ್ಯ. ಕೆಲವು ಕಡೆ ಇಂಟರ್ನ್ ಆಗುವವರೇ ಆಸ್ಪತ್ರೆಗೆ ಫೀಸು ಕಟ್ಟುತ್ತಾರೆ. ಅದರ ಮೇಲೆ ಪೇಯಿಂಗ್ ಗೆಸ್ಟ್ ಬಾಡಿಗೆ, ಊಟ, ಬಸ್ಸು. ಎಂಎಸ್ಸಿ ಮುಗಿಯುವ ಹೊತ್ತಿಗೆ ಹುಡುಗಿಗೆ 22, 23 ವರ್ಷ. ಮನೆಯಲ್ಲಿ ಮದುವೆ ಮಾತು ಶುರುವಾಗಿರುತ್ತದೆ. ‘ಇನ್ನಾರು ತಿಂಗಳು, ಅದೂ ದುಡಿಮೆ ಇಲ್ಲದೆ?’ ಅಂತ ಅಪ್ಪ ಕೇಳಿದರೆ ಆಕೆಯ ಹತ್ತಿರ ಉತ್ತರ ಇರುವುದಿಲ್ಲ. ಹೀಗೆ ನಿಂತವರು ಆಮೇಲೆ ಏನಾಗುತ್ತಾರೆ? ಕೆಲವರು ಜಿಮ್‌ಗಳಲ್ಲಿ, ತೂಕ ಇಳಿಸುವ ಪುಡಿ ಮಾರುವ ಕಂಪನಿಗಳಲ್ಲಿ ‘ನ್ಯೂಟ್ರಿಷನಿಸ್ಟ್’ ಬೋರ್ಡ್ ಹಿಂದೆ ಕೂರುತ್ತಾರೆ. ಹಲವರು ಪೂರ್ತಿ ಬೇರೆ ಕೆಲಸಕ್ಕೆ ಹೋಗುತ್ತಾರೆ. ರಾಯಚೂರಿಗೆ ಒಬ್ಬ ಡಯಟೀಷಿಯನ್ ಕಮ್ಮಿಯಾದಳು ಅಂತ ಯಾವ ದಾಖಲೆಯಲ್ಲೂ ಬರುವುದಿಲ್ಲ.

371(ಜೆ) ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ ಆ ವಿಶೇಷ ಸ್ಥಾನಮಾನ ನಮ್ಮ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ 70% ಸೀಟು, ರಾಜ್ಯದ ಬೇರೆ ಕಡೆ 8% ಸೀಟು ಕೊಟ್ಟಿತು. ಸರ್ಕಾರಿ ಹುದ್ದೆಗಳಲ್ಲೂ ಪಾಲು ಕೊಟ್ಟಿತು. ಸೀಟಿಗೂ ಹುದ್ದೆಗೂ ನಡುವಿನ ಇಂಟರ್ನ್‌ಶಿಪ್ ಮಾತ್ರ ಅದರ ವ್ಯಾಪ್ತಿಗೆ ಸಿಗದೆ ಹೊರಗೆ ಉಳಿಯಿತು.

ಈ ಅಂತರ ಈಗ ಇನ್ನೂ ದೊಡ್ಡದಾಗುವ ಹಾಗೆ ಕಾಣುತ್ತಿದೆ. ಕಾರಣ ಎರಡು. ಮೊದಲನೆಯದು ಕಾನೂನು. 2021ರಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಡಯಟೀಷಿಯನ್, ನ್ಯೂಟ್ರಿಷನಿಸ್ಟ್ ಇಬ್ಬರೂ ಇದ್ದಾರೆ. ಆರೋಗ್ಯ ವೃತ್ತಿಪರರು ಅನ್ನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಪದವಿ ಓದು ಬೇಕು ಅಂತ ಕಾಯ್ದೆ ಹೇಳುತ್ತದೆ. ರಾಜ್ಯ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ವೃತ್ತಿ ಮಾಡಬೇಕು ಅನ್ನುವುದು ಇದರ ಗುರಿ. 2025ರಲ್ಲಿ ಆಯೋಗ ಹಲವು ವೃತ್ತಿಗಳಿಗೆ ಮಾದರಿ ಪಠ್ಯಕ್ರಮ ಹೊರತಂದಿತು, ನ್ಯೂಟ್ರಿಷನ್ ಮತ್ತು ಡಯೆಟೆಟಿಕ್ಸ್ ಕೂಡ ಅದರಲ್ಲಿ ಸೇರಿದೆ. ಇದು ಒಳ್ಳೆಯದೇ. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳುವ ಕಾಲ ಮುಗಿಯಬೇಕು. ಒಂದು ಗೊಂದಲ ಮಾತ್ರ ಬಿಡಿಸಿಕೊಳ್ಳಿ. ಆರ್‌ಡಿ ಅನ್ನುವುದು ವೃತ್ತಿ ಸಂಘ ಕೊಡುವ ಅರ್ಹತೆ, ಕೌನ್ಸಿಲ್ ನೋಂದಣಿ ಅನ್ನುವುದು ಕಾನೂನಿನ ನೋಂದಣಿ. ಎರಡೂ ಬೇರೆ ಬೇರೆ. ಒಂದು ಇದೆ ಅಂದ ಮಾತ್ರಕ್ಕೆ ಇನ್ನೊಂದು ತಾನಾಗಿ ಬರುವುದಿಲ್ಲ.

ಎರಡನೆಯದು ದೂರಶಿಕ್ಷಣ. ನಮ್ಮಂಥ ಜಿಲ್ಲೆಗಳಲ್ಲಿ ಮದುವೆಯಾದವರಿಗೆ, ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡುತ್ತಾ ಓದುವವರಿಗೆ ದೂರಶಿಕ್ಷಣದ ಡಯೆಟೆಟಿಕ್ಸ್ ಕೋರ್ಸು ಒಂದು ಬಾಗಿಲಾಗಿತ್ತು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಎಂಎಸ್ಸಿ ಅನೇಕರಿಗೆ ಗೊತ್ತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಆ ಕಾಯ್ದೆಯ ವ್ಯಾಪ್ತಿಗೆ ಬರುವ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ನಡೆಸಬಾರದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೇಳಿತು. ಆಹಾರ ಮತ್ತು ಪೋಷಣೆ, ಕ್ಲಿನಿಕಲ್ ನ್ಯೂಟ್ರಿಷನ್ ಎಲ್ಲ ಅದರಲ್ಲಿ ಸೇರಿವೆ. ರೋಗಿಯನ್ನು ಮುಟ್ಟದೆ ಆರೋಗ್ಯ ವೃತ್ತಿ ಕಲಿಯಬಾರದು ಅನ್ನುವ ವಾದ ನನಗೆ ಒಪ್ಪಿಗೆ. ಆದರೆ ಬಾಗಿಲು ಮುಚ್ಚುವ ಮುಂಚೆ ಹತ್ತಿರದಲ್ಲಿ ಇನ್ನೊಂದು ತೆರೆಯಬೇಕಿತ್ತು, ಅಲ್ವಾ? ಬೆಂಗಳೂರಿನವರಿಗೆ ಇದರಿಂದ ಹೆಚ್ಚು ವ್ಯತ್ಯಾಸ ಆಗಲಿಕ್ಕಿಲ್ಲ. ಲಿಂಗಸುಗೂರಿನ, ಕುಷ್ಟಗಿಯ ಹೆಣ್ಣುಮಗಳಿಗೆ ಆಗುತ್ತದೆ.

ಇದೇ ಇಕ್ಕಟ್ಟನ್ನು ಅಮೆರಿಕ ಬೇರೆ ರೂಪದಲ್ಲಿ ನೋಡಿದೆ. ಅಲ್ಲಿ ಆರ್‌ಡಿ ಆಗಲು ಮೇಲ್ವಿಚಾರಣೆಯಲ್ಲಿ ಕನಿಷ್ಠ 1,000 ಗಂಟೆ ಕೆಲಸ ಮಾಡಬೇಕು. ಬ್ರಿಟನ್‌ನಲ್ಲೂ ಹತ್ತಿರ ಹತ್ತಿರ ಅಷ್ಟೇ. ನಮ್ಮ ಆರು ತಿಂಗಳನ್ನು ದಿನಕ್ಕೆ 7 ಗಂಟೆ, ವಾರಕ್ಕೆ 6 ದಿನ ಅಂತ ಲೆಕ್ಕ ಹಾಕಿದರೆ ಸುಮಾರು 1,090 ಗಂಟೆ ಆಗುತ್ತದೆ. ಗಂಟೆಯ ಲೆಕ್ಕದಲ್ಲಿ ನಾವು ಹಿಂದಿಲ್ಲ. ಸುಮಾರು 2010ರ ಹೊತ್ತಿಗೆ ಅಲ್ಲಿ ಪದವಿ ಮುಗಿಸಿ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮಾತ್ರ ಜಾಗ ಸಿಗುತ್ತಿತ್ತು. ಆಗ ಡಯೆಟೆಟಿಕ್ಸ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಮಂಡಳಿ 2011ರಲ್ಲಿ ಹೊಸ ದಾರಿ ತೆರೆಯಿತು. ಜಾಗ ಸಿಗದವರು ಮಾನ್ಯತೆ ಇರುವ ಒಂದು ಕಾರ್ಯಕ್ರಮದ ಅಡಿಯಲ್ಲಿ, ತಮ್ಮ ಊರಿನ ಹತ್ತಿರದ ಆಸ್ಪತ್ರೆ, ಡಯಾಲಿಸಿಸ್ ಕೇಂದ್ರ, ಶಾಲೆ ಅಡುಗೆಮನೆಗಳಲ್ಲಿ ಗಂಟೆ ಪೂರೈಸಬಹುದು. ಕಲಿಸುವ ಡಯಟೀಷಿಯನ್ ಅರ್ಹರೇ ಅಂತ ಕಾರ್ಯಕ್ರಮ ಪರಿಶೀಲಿಸುತ್ತದೆ, ಕಲಿತದ್ದನ್ನು ಅಳೆಯುತ್ತದೆ, ಕೊನೆಗೆ ಅದೇ ಪತ್ರ ಕೊಡುತ್ತದೆ. ಓದು ಮತ್ತು ತರಬೇತಿ ಒಟ್ಟಿಗೇ ಇರುವ ಕೋರ್ಸುಗಳೂ ಅಲ್ಲಿವೆ. 2024ರ ಜನವರಿ 1ರಿಂದ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಕಡ್ಡಾಯ ಮಾಡಿದ್ದಾರೆ.

ಮದುವೆಯಾಗಿ ಅಮೆರಿಕಕ್ಕೆ ಹೋಗುವವರು ಇಲ್ಲಿನ ಆರ್‌ಡಿ ಅಲ್ಲಿ ನೇರವಾಗಿ ನಡೆಯುತ್ತದೆ ಅಂತ ನಂಬಿರುತ್ತಾರೆ. ನಡೆಯುವುದಿಲ್ಲ. ಪದವಿಯನ್ನು ಅಲ್ಲಿ ತುಲನೆ ಮಾಡಿಸಿ, ಅಲ್ಲಿನ ತರಬೇತಿ, ಅಲ್ಲಿನ ಪರೀಕ್ಷೆ ದಾಟಬೇಕು.

ಅಮೆರಿಕದ ಆ ಊರ ಹತ್ತಿರದ ದಾರಿಯಲ್ಲಿ ಒಂದು ದೋಷವಿದೆ, ಅದನ್ನು ನಾವು ತರಬಾರದು. ಕಲಿಸುವವರನ್ನು ಹುಡುಕುವ ಹೊಣೆ ಬಹಳ ಕಡೆ ವಿದ್ಯಾರ್ಥಿಯ ಮೇಲೇ ಬೀಳುತ್ತದೆ. ಪರಿಚಯ ಇದ್ದವರಿಗೆ ಸಿಗುತ್ತದೆ, ಇಲ್ಲದವರು ಅಲೆಯುತ್ತಾರೆ. ನಮ್ಮಲ್ಲಿ ಹಾಗೆ ಬಿಟ್ಟರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಡಾಕ್ಟರ ಮಗಳಿಗೆ ಸಿಗುತ್ತದೆ. ಜಾಗ ಹುಡುಕುವುದು ವಿಶ್ವವಿದ್ಯಾಲಯದ, ಕೌನ್ಸಿಲ್‌ನ ಕೆಲಸ ಆಗಬೇಕು. ಎಂಬಿಬಿಎಸ್ ಮುಗಿಸಿದ ಹೌಸ್ ಸರ್ಜನ್ ಒಂದು ವರ್ಷ ಎಲ್ಲಿ ಕೆಲಸ ಮಾಡಲಿ ಅಂತ ಅರ್ಜಿ ಹಿಡಿದು ಸುತ್ತುವುದಿಲ್ಲ. ಕಾಲೇಜಿನ ಆಸ್ಪತ್ರೆ ಇರುತ್ತದೆ, ಸ್ಟೈಪೆಂಡ್ ಬರುತ್ತದೆ. ಡಯಟೀಷಿಯನ್‌ಗೆ ಮಾತ್ರ ಯಾಕೆ ಬೇರೆ ನಿಯಮ?

ಜಾಗಕ್ಕೆ ಇಲ್ಲಿ ಕೊರತೆ ಇಲ್ಲ. ರಾಯಚೂರಿನಲ್ಲಿ ರಿಮ್ಸ್ ಮೆಡಿಕಲ್ ಕಾಲೇಜು ಇದೆ, 2007ರಿಂದ. ಕೊಪ್ಪಳದಲ್ಲಿ ಕಿಮ್ಸ್ ಮೆಡಿಕಲ್ ಕಾಲೇಜು ಇದೆ, 2015ರಿಂದ. ಬಳ್ಳಾರಿಯಲ್ಲಿ 1961ರಷ್ಟು ಹಳೆಯ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಹೆಸರು ಬದಲಾದರೂ ಜನ ಈಗಲೂ ವಿಮ್ಸ್ ಅಂತಲೇ ಅನ್ನುತ್ತಾರೆ. ಮೂರೂ ಸರ್ಕಾರಿ, ಮೂರಕ್ಕೂ ಸುತ್ತಲಿನ ತಾಲ್ಲೂಕುಗಳ ರೋಗಿಗಳು ಬರುತ್ತಾರೆ. 2016ರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ನಂತರ ಡಯಾಲಿಸಿಸ್ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿದೆ. ಎನ್‌ಆರ್‌ಸಿ, ಹೆರಿಗೆ ವಾರ್ಡ್, ಹಾಸ್ಟೆಲ್ ಅಡುಗೆಮನೆ, ಬಿಸಿಯೂಟ, ಮಾತೃಪೂರ್ಣ ಊಟ ನಡೆಯುವ ಅಂಗನವಾಡಿ, ಎಲ್ಲವೂ ಇವೆ. ಎಲ್ಲಕ್ಕಿಂತ ಮೊದಲು ಬೇಕಾದ್ದು ಕಲಿಸುವ ಕೈ. ಮೂರೂ ಮೆಡಿಕಲ್ ಕಾಲೇಜುಗಳಲ್ಲಿ ಕಲಿಸುವ ಹೊಣೆ ಇರುವ ಹಿರಿಯ ಆರ್‌ಡಿ ಹುದ್ದೆಗಳನ್ನು ಕಾಯಂ ಆಗಿ ಮಾಡಬೇಕು. ಹೊರಗುತ್ತಿಗೆಯಲ್ಲಿ ಬಂದು ವರ್ಷದಲ್ಲಿ ಬಿಟ್ಟುಹೋಗುವವರು ವಿದ್ಯಾರ್ಥಿಗೆ ಏನು ಕಲಿಸಿಯಾರು? ಅವರಿಗೇ ನಾಳೆ ಗ್ಯಾರಂಟಿ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಆರ್‌ಡಿಗಳೇ ಇಲ್ಲದ ಕಡೆ ಕಲಿಸುವ ಆರ್‌ಡಿ ಎಲ್ಲಿಂದ ಬರುತ್ತಾರೆ? ಕಲಿಸುವವರಿಲ್ಲದೆ ಹೊಸಬರು ತಯಾರಾಗುವುದಿಲ್ಲ, ಹೊಸಬರು ಬಾರದೆ ಕಲಿಸುವವರು ಆಗುವುದಿಲ್ಲ. ಈ ಸುತ್ತನ್ನು ಎಲ್ಲೋ ಒಂದು ಕಡೆ ದುಡ್ಡು ಕೊಟ್ಟು ಒಡೆಯಬೇಕು. ಮೊದಲ ಕೆಲವು ವರ್ಷ ಹೊರಗಿನಿಂದ ಅನುಭವಿಗಳನ್ನು ಕರೆತರಬೇಕು. ವಿದ್ಯಾರ್ಥಿಗಳು ನಾಲ್ಕು ತಿಂಗಳು ಇಲ್ಲೇ ಇದ್ದು, ಕ್ಯಾನ್ಸರ್, ಕಸಿ ವಾರ್ಡುಗಳ ತರಬೇತಿಗೆ ಎರಡು ತಿಂಗಳು ಮಾತ್ರ ದೊಡ್ಡ ಊರಿಗೆ ಹೋಗಿ ಬರುವ ಹಾಗೆ ಹಂಚಬಹುದು. ಇದಕ್ಕೆ ನಿಯಮದಲ್ಲಿ ಜಾಗ ಮಾಡಬೇಕಾದದ್ದು ಕೌನ್ಸಿಲ್ ಮತ್ತು ಸಂಘ. ದುಡ್ಡಿನ ಮಾತಿಗೆ ಬಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗಿದೆ. ಕೆಲವು ಹತ್ತು ಇಂಟರ್ನ್‌ಗಳಿಗೆ ಆರು ತಿಂಗಳ ಸ್ಟೈಪೆಂಡ್ ಕೊಡುವುದು ಆ ಮೊತ್ತದ ಎದುರು ಎಷ್ಟರದು? ಕಾಂಕ್ರೀಟ್ ರಸ್ತೆಗೆ ಬರುವ ಹಣ ಇಂಥ ಕೆಲಸಕ್ಕೂ ಬರಬೇಕು. ಸ್ಟೈಪೆಂಡ್ ತೆಗೆದುಕೊಂಡವರು ಎರಡು ವರ್ಷ ಈ ಭಾಗದಲ್ಲೇ ಕೆಲಸ ಮಾಡಬೇಕು ಅಂತ ಷರತ್ತು ಹಾಕಿದರೆ ಅದೂ ತಪ್ಪಲ್ಲ. ಆದರೆ ಆ ಕೆಲಸಕ್ಕೆ ಹುದ್ದೆ ಇರಬೇಕು.

ಈ ಬದಲಾವಣೆ ಬರುವವರೆಗೆ ಈಗ ಓದುತ್ತಿರುವವರು ಕಾಯುತ್ತಾ ಕೂರಲು ಆಗುವುದಿಲ್ಲ. ಅವರಿಗೆ ನಾನು ಹೇಳುವುದು ಇಷ್ಟು. ಕೋರ್ಸಿಗೆ ಸೇರುವ ದಿನವೇ ಕೇಳಿ, ಇಂಟರ್ನ್‌ಶಿಪ್ ಕೋರ್ಸಿನ ಒಳಗೇ ಇದೆಯಾ, ಯಾವ ಆಸ್ಪತ್ರೆ ಜೊತೆ ಒಪ್ಪಂದ ಇದೆ ಅಂತ. ‘ಆಮೇಲೆ ನೋಡೋಣ’ ಅಂದರೆ ಇಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ. ಆಸ್ಪತ್ರೆಗೆ ಸೇರುವ ಮುಂಚೆ ಅಲ್ಲಿ ಸಹಿ ಹಾಕುವ ಡಯಟೀಷಿಯನ್‌ಗೆ ಆರ್‌ಡಿ ಇದೆಯಾ, ಆಸ್ಪತ್ರೆ ಸಂಘದ ಷರತ್ತಿಗೆ ಹೊಂದುತ್ತದಾ ಅಂತ ಸಂಘದ ಕಡೆಯಿಂದಲೇ ಬರಹದಲ್ಲಿ ಖಚಿತ ಮಾಡಿಕೊಳ್ಳಿ. ಆರು ತಿಂಗಳು ಕಳೆದ ಮೇಲೆ ಇದು ನಡೆಯಲ್ಲ ಅನ್ನಿಸಿಕೊಳ್ಳುವುದು ಬೇಡ. ದಿನದಿನದ ಲಾಗ್ ಬುಕ್ ಬರೆಯಿರಿ, ಯಾವ ವಾರ್ಡ್, ಎಂಥ ರೋಗಿ, ನೀವು ಕೊಟ್ಟ ಸಲಹೆ ಏನು, ಹಿರಿಯರು ತಿದ್ದಿದ್ದು ಏನು. ರೋಗಿಯ ಹೆಸರು ಮಾತ್ರ ಬರೆಯಬೇಡಿ. ಸಹಿಯನ್ನು ವಾರ ವಾರ ಹಾಕಿಸಿಕೊಳ್ಳಿ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ಸಹಿ ಹಾಕಬೇಕಾದವರು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿರಬಹುದು.